ಎಂಟನೇ ತೂಬಿನಾಚೆಯ ದಿಬ್ಬ

ಚಲುವರಾಜುವಿಗೆ ಆ ಬಹುಮಾನ ಬಂದದ್ದರಲ್ಲಿ ಅವನ ತಪ್ಪೇನೂ ಇಲ್ಲ. ಜೂನ್ ತಿಂಗಳ ಒಂದು ಭಾನುವಾರ ಸೈಕಲ್ಲಿನ ಹಿಂದಿನ ಗಾಲಿಗೆ ಹೊಸ ಟೈರು ಹಾಕಿಸೋಣವೆಂದು ಮಂಡ್ಯಕ್ಕೆ ಹೋಗಿದ್ದ. ಹಾಕಿಸಿಕೊಂಡು ಊರ ದಾರಿ ಹಿಡಿಯೋಣವೆಂದರೆ ಪೊಲೀಸರು ರಸ್ತೆಗೆ ಅಡ್ಡ ಹಗ್ಗ ಕಟ್ಟಿದ್ದಾರೆ. ಆರೋಗ್ಯಕ್ಕಾಗಿ ಸೈಕಲ್ ಜಾಥಾ ಅಂತೆ, ಸೈಕಲ್ ಬಿಟ್ಟು ಬೇರೆ ಯಾವ ಗಾಡಿಯನ್ನೂ ಬಿಡುವುದಿಲ್ಲವಂತೆ.

“ನಂದೂ ಸೈಕಲ್ಲೇ ಅಲ್ವಾ ಸಾ?” ಅಂದ.

ಅಂದದ್ದೇ ತಡ, ಹಳದಿ ಅಂಗಿಯ ಹೆಣ್ಣುಮಗಳೊಬ್ಬಳು ಓಡಿಬಂದು ಅವನ ಹ್ಯಾಂಡಲ್ಲಿಗೆ ಇನ್ನೂರ ಹದಿನಾಲ್ಕು ಅಂತ ಬರೆದ ರಟ್ಟು ಕಟ್ಟಿ “ಹೊರಡಿ ಅಂಕಲ್” ಅಂದುಬಿಟ್ಟಳು. ಹೊರಟ. ಹಿಂದೆ ಮುಂದೆಲ್ಲ ತಲೆಗೆ ಬುಟ್ಟಿ ಹಾಕಿಕೊಂಡವರು, ಮೈಗಂಟಿದ ಚಡ್ಡಿಯವರು. ನಡುವೆ ಎತ್ತಿಕಟ್ಟಿದ ಪಂಚೆ, ತಲೆಗೆ ಟವೆಲ್ಲು, ಕಿರುಗುಟ್ಟುವ ಹಳೇ ಸೈಕಲ್ಲಿನ ಚಲುವರಾಜು. ಊರು ಸುತ್ತಿಸಿ ಮೈದಾನಕ್ಕೆ ತಂದು ಬಿಟ್ಟರು, ಉಪ್ಪಿಟ್ಟು ಕೊಟ್ಟರು. ಉಪ್ಪಿಟ್ಟು ತಿಂದು ಕೈ ತೊಳೆಯುತ್ತಿದ್ದಾಗ ಮೈಕಿನಲ್ಲಿ “ಲಕ್ಕಿ ಡಿಪ್, ಎರಡನೇ ಬಹುಮಾನ, ಇನ್ನೂರ ಹದಿನಾಲ್ಕು!” ಎಂದು ಕೂಗಿದರು. ಅಂಗೈಯಗಲದ ಡಬ್ಬಿ. ಒಳಗೆ ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಕಪ್ಪು ಯಂತ್ರ. ಸೈಕಲ್ಲಿಗೆ ಕಟ್ಟುವ ಜಿಪಿಎಸ್ ಕಂಪ್ಯೂಟರ್ ಅಂತೆ. ಚಡ್ಡಿಯವನೊಬ್ಬ ಪಕ್ಕಕ್ಕೆ ಕರೆದು, “ಯಜಮಾನ್ರೇ, ನಿಮಗೇನಕ್ಕೆ ಇದು? ನನಗೆ ಕೊಟ್ಟುಬಿಡಿ, ಒಂದು ಒಳ್ಳೇ ಸೈಕಲ್ಲೇ ಕೊಡಿಸ್ತೀನಿ” ಅಂದ.

ನಿಮಗೇನಕ್ಕೆ ಅಂದನಲ್ಲ, ಅಲ್ಲಿಗೆ ಮುಗಿಯಿತು. ಬ್ರಹ್ಮ ಬಂದು ಕೇಳಿದರೂ ಇನ್ನು ಕೊಡುವ ಮಾತಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನದು. ಆ ಸ್ವಭಾವ ಒಳ್ಳೆಯದೋ ಕೆಟ್ಟದೋ ಅನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಚಲುವರಾಜು ನೀರುಗಂಟಿ. ನಾಲೆಯಿಂದ ಊರ ಕಾಲುವೆಗೆ ಬಂದ ನೀರನ್ನು ಗದ್ದೆಗಳಿಗೆ ಪಾಳಿಯಂತೆ ಹಂಚುವವನು. ಕೆರಗೋಡಿನಿಂದ ಮೂರು ಮೈಲಿ ಒಳಗಿರುವ ಅವನ ಊರಿನ ಕಾಲುವೆಗೆ ಎಂಟು ತೂಬು. ತೂಬು ಎತ್ತುವವನು ಅವನೇ, ಇಳಿಸುವವನು ಅವನೇ. ಗದ್ದೆಗೆ ನೀರು ನುಗ್ಗುವ ಮಡೆಯನ್ನು ಸಹ ಗದ್ದೆಯ ಯಜಮಾನ ಒಡೆಯುವಂತಿಲ್ಲ. ನೀರುಗಂಟಿಯ ಗುದ್ದಲಿಯೇ ಬೀಳಬೇಕು. ಅವನ ಅಪ್ಪ ಈ ಕೆಲಸ ಮಾಡಿದ, ಅಪ್ಪನ ಮೊಣಕಾಲು ಹೋದ ಮೇಲೆ ಇವನು ಹಿಡಿದ. ಮೂವತ್ತೊಂದು ವರ್ಷವಾಯಿತು. ಇಲಾಖೆಯಿಂದ ಬರುವುದೇನೋ ಬರುತ್ತದೆ, ಅದಲ್ಲದೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದಿಷ್ಟು ಕಾಳು ನೀರುಗಂಟಿ ಪಾಲು ಅಂತ ಅವನ ಮನೆಗೆ ಹೋಗುತ್ತದೆ. ಈಗ ಎಲ್ಲರೂ ಕೊಡುವುದಿಲ್ಲ ಅನ್ನಿ, ಆದರೂ ಕೊಡುವವರಿದ್ದಾರೆ.

ನೀರಿನ ವಿಷಯದಲ್ಲಿ ಚಲುವರಾಜು ಹೇಳಿದ ಮೇಲೆ ಮುಗಿಯಿತು, ಅದಕ್ಕೆ ಅಪೀಲಿಲ್ಲ. ಅಣ್ಣತಮ್ಮಂದಿರು ಬದುವಿಗಾಗಿ ಕುಡುಗೋಲು ಹಿಡಿದು ನಿಂತಾಗಲೂ ಇವನು ಬಂದು “ಇವತ್ ಇವುಂದು, ನಾಳಿಕ್ ನಿಂದು” ಅಂದರೆ ಕುಡುಗೋಲು ಕೆಳಗೆ. ಆಸ್ತಿ ಅಂತ ಅವನಿಗಿದ್ದದ್ದು ಈ ಮಾತೇ.

ಆ ಕಾಲುವೆ ಎಂಟನೇ ತೂಬಿಗೆ ಮುಗಿಯುತ್ತದೆ ಎಂದೇ ಎಲ್ಲರ ಲೆಕ್ಕ. ನಿಜವಾಗಿ ಮುಗಿಯುವುದಿಲ್ಲ. ಇನ್ನೂ ಆರುನೂರು ಮೀಟರು ಪಡುವಣಕ್ಕೆ ಹೋಗುತ್ತದೆ. ಲಂಟಾನ ಬೆಳೆದು, ಹೂಳು ತುಂಬಿ, ಕಾಲುವೆಯೋ ಹಳ್ಳವೋ ಗೊತ್ತಾಗದ ಹಾಗಿದೆ. ಅದರ ತುದಿಯಲ್ಲಿ ಪಟ್ಟಲಮ್ಮನ ಮೂವತ್ತು ಗುಂಟೆ. ಅಕ್ಕಪಕ್ಕದವರೆಲ್ಲ ನೀಲಗಿರಿ ನೆಟ್ಟು ಕೈ ತೊಳೆದುಕೊಂಡರೂ ಆಕೆ ಮಾತ್ರ ರಾಗಿ, ಹುರುಳಿ ಬಿತ್ತುತ್ತಾ ಬಂದಿದ್ದಾಳೆ. ಗಂಡ ತೀರಿಕೊಂಡು ಇಪ್ಪತ್ತಾರು ವರ್ಷ, ವಯಸ್ಸು ಎಪ್ಪತ್ತರ ಹತ್ತಿರ. ಅಲ್ಲಿಗೆ ನೀರು ಯಾಕೆ ಹೋಗುವುದಿಲ್ಲ ಅಂದರೆ, ಎಂಟನೇ ತೂಬಿನಾಚೆ ದಿಬ್ಬ. ನೀರು ದಿಬ್ಬ ಹತ್ತುತ್ತದೆಯೇ? ಅಪ್ಪ ಹೇಳಿದ್ದ. ಇವನೂ ನೀರುಗಂಟಿಯಾದ ಮೊದಲ ವರ್ಷ ಒಮ್ಮೆ ಬಿಟ್ಟು ನೋಡಿದ್ದ. ನೂರು ಹೆಜ್ಜೆ ಹೋಗಿ ನಿಂತುಬಿಟ್ಟಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಅವನ ತೊಡೆಗಳು. ಮಳೆಗಾಲದಲ್ಲಿ, ನೀರಿನ ಪಾಳಿಗೊಂದು ಸಲ, ಕಾಲುವೆಯ ಏರಿ ಸರಿಯಿದೆಯೇ ಅಂತ ನೋಡಲು ಅಲ್ಲಿಗೆ ಸೈಕಲ್ ತುಳಿಯುತ್ತಿದ್ದ. ಹೋಗುವಾಗ ತೊಡೆ ಉರಿದುಹೋಗುತ್ತಿತ್ತು, ಬರುವಾಗ ಸೈಕಲ್ಲು ತಾನೇ ಉರುಳುತ್ತಿತ್ತು. ಇದು ದಿಬ್ಬವಲ್ಲದೆ ಇನ್ನೇನು?

ಇರಲಿ, ಯಂತ್ರದ ಕಥೆಗೆ ಬರೋಣ. ಬಹುಮಾನ ಬಂದ ಮೇಲೆ ಊರಿನವರ ಬಾಯಿಗೆ ಕೆಲಸ ಸಿಕ್ಕಿತು. ಎಂಟನೇ ತೂಬಿನ ಗದ್ದೆಯ ಸಿದ್ದೇಶ್ ದಿನಾ ಕೇಳುವವನು: “ಏನ್ ಚಲುವಣ್ಣ, ನಮ್ಮೂರ್ ಕಾಲುವೆ ಎಲ್ಲೈತೆ ಅಂತ ಆಕಾಸದಿಂದ ತೋರ್ಸ್ತದಾ?” ಹೆಂಡತಿ ಮಲ್ಲಿಗಮ್ಮ, “ಮೂಗಿಗಿಂತ ಮೂಗುತಿ ಬಾರ ಆಯ್ತು. ಸೈಕಲ್ ಮಾರುದ್ರೂ ಇದ್ರ ಅರ್ದ ಬರಾಕಿಲ್ಲ” ಅಂದಳು. ಚಲುವರಾಜು ಹಳೇ ಟ್ಯೂಬಿನ ರಬ್ಬರು ಸೀಳಿ ಯಂತ್ರವನ್ನು ಹ್ಯಾಂಡಲ್ಲಿಗೆ ಬಿಗಿದು ಕಟ್ಟಿದ.

ಉಪಯೋಗ ಕಲಿಸಿದವಳು ಮಗಳು ಅರ್ಪಿತ. ಮದ್ದೂರಿನಲ್ಲಿ ಸಂಸಾರ, ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಭಾನುವಾರ ಬಂದವಳು ಡಬ್ಬಿಯೊಳಗಿನ ಪುಸ್ತಕ ಓದಿ, ತನ್ನ ಹಳೇ ಮೊಬೈಲಿಗೆ ಅದನ್ನು ಜೋಡಿಸಿ ಒಂದೊಂದೇ ಹೇಳಿಕೊಟ್ಟಳು. ಗಾಲಿಯ ಸುತ್ತಳತೆ ಹಾಕಬೇಕು, ಇಲ್ಲದಿದ್ದರೆ ದೂರ ತಪ್ಪು ಬರುತ್ತದೆ ಅಂದಳು. ಅಪ್ಪ ಟೈರಿಗೆ ಸುಣ್ಣದ ಗುರುತು ಹಾಕಿ, ಅಂಗಳದಲ್ಲಿ ಒಂದು ಸುತ್ತು ಉರುಳಿಸಿ, ಟೇಪು ಹಿಡಿದು ಅಳೆದ. ಮೂರು ಸಲ ಅಳೆದ, ಮೂರು ಸಲವೂ ಒಂದೇ ಬಂತು. ಆಗ ಯಂತ್ರದ ಮೇಲೆ ಅವನಿಗೆ ಸ್ವಲ್ಪ ಮರ್ಯಾದೆ ಹುಟ್ಟಿತು.

ಮರ್ಯಾದೆ ಒಂದು ವಾರವೂ ಉಳಿಯಲಿಲ್ಲ. ಮುಂದಿನ ಭಾನುವಾರ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ದೂರು ಶುರು.

“ಕೂಸೇ, ಇದು ಮೋಸ ಕಣವ್ವ. ಬೆಳಿಗ್ಗೆ ಆರಕ್ ಓದೋನು ಅನ್ನೊಂದ್ ಗಂಟೆಗ್ ಬಂದೆ. ಇದು ಒಂದೂವರೆ ಗಂಟೆ ಅಂತ ತೋರುಸ್ತಾ ಅದೆ. ಉಳುದ್ ಟೇಮ್ ನಾನೇನು ಮನಿಕ್ಕೊಂಡಿದ್ನಾ?”

ಅರ್ಪಿತ ನಕ್ಕಳು. “ಅದು ಸೈಕಲ್ ನಿಂತ್ರೆ ತಾನೂ ನಿಂತ್ಕೊಳ್ತದೆ ಅಪ್ಪಾ. ಓಡಿದ ಟೈಮ್ ಮಾತ್ರ ಲೆಕ್ಕ.”

“ನಿಂತ್ಕಳ್ಳೋದೇ ನನ್ ಕೆಲ್ಸ ಕಣವ್ವ! ತೂಬಿನ ತಾವ್ ನಿಂತ್ಕಳ್ದೆ ಓಡ್ತಾ ಇದ್ರೆ ನೀರ್ ಬುಡೋರ್ ಯಾರು?”

ಮಗಳಿಗೆ ಅದು ಸರಿಯೆನಿಸಿತು. ತಾನೇ ನಿಲ್ಲುವ ಆ ಗುಣವನ್ನು ತೆಗೆದುಹಾಕಿದಳು. ಅಷ್ಟೇ ಅಲ್ಲ, ಪಕ್ಕದ ಗುಂಡಿ ಒತ್ತಿದರೆ ಅಲ್ಲಿಗೊಂದು ಸುತ್ತು ಮುಗಿದು ಹೊಸ ಸುತ್ತು ಶುರುವಾಗುತ್ತದೆ, ಪ್ರತಿ ತೂಬಿನಲ್ಲೂ ಒತ್ತು ಅಂದಳು. ಇದು ಅವನಿಗೆ ಬಹಳ ಹಿಡಿಸಿತು. ಯಾವ ತೂಬಿನಿಂದ ಯಾವ ತೂಬಿಗೆ ಎಷ್ಟು ದೂರ, ಎಷ್ಟು ಹೊತ್ತು ನಿಂತೆ, ಎಲ್ಲವೂ ಸಂಜೆ ಮೊಬೈಲಿನಲ್ಲಿ ಸಾಲಾಗಿ ಬರುತ್ತಿತ್ತು. ಅದನ್ನು ನೋಡಿ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದ. ಇಲಾಖೆಯ ನಕ್ಷೆಯಲ್ಲಿ ಐದನೇ ತೂಬನ್ನು ಅರವತ್ತು ಮೀಟರು ಆಚೆ ಬರೆದಿದ್ದಾರೆ ಎಂದು ಕಂಡುಹಿಡಿದ ದಿನ ಅವನ ಮುಖ ನೋಡಬೇಕಿತ್ತು, ಮಗನಿಗೆ ಮದುವೆ ಗೊತ್ತಾದ ಹಾಗಿತ್ತು.

ಆಮೇಲೆ ಎತ್ತರದ ಜಗಳ. ಯಂತ್ರ ಒಂದು ದಿನ ಅವನ ಮನೆ ಬಾಗಿಲನ್ನು ಆರುನೂರ ಎಂಬತ್ತಾರು ಮೀಟರು ಅಂದಿತು, ಮರುದಿನ ಆರುನೂರ ತೊಂಬತ್ತೈದು.

“ನಮ್ಮನೆ ಒಂದ್ ರಾತ್ರಿಗೆ ಒಂಬತ್ತ್ ಮೀಟ್ರು ಎದ್ದೋಯ್ತಾ?” ಎಂದು ಫೋನಿನಲ್ಲಿ ಕೂಗಾಡಿದ.

“ಅಪ್ಪಾ, ಅದು ಗಾಳಿಯ ಭಾರ ನೋಡಿ ಎತ್ತರ ಹೇಳ್ತದೆ. ಮೋಡ ಕವಿದ್ರೆ ಗಾಳಿ ಭಾರ ಬದಲಾಗ್ತದೆ. ಎಷ್ಟು ಎತ್ತರದಲ್ಲಿದೀವಿ ಅನ್ನೋದನ್ನ ನಂಬಬೇಡ. ಹೊರಡೋವಾಗ ಒಂದೇ ಅಂಕಿ ಹಾಕ್ಕೊ, ಅಲ್ಲಿಂದ ಎಷ್ಟು ಹತ್ತಿದೆ, ಎಷ್ಟು ಇಳಿದೆ ಅಂತ ನೋಡು. ಬೇಗ ಹೋಗಿ ಬೇಗ ಬಾ. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ. ಎರಡೂ ಒಪ್ಪಿದ್ರೆ ಸರಿ.”

ಮಗಳು ಹೇಳಿದ ಹಾಗೇ ಮಾಡಿದ. ಕಾಲುವೆ ಇನ್ನೂ ಒಣಗಿತ್ತು, ಅಣೆಕಟ್ಟೆಯಲ್ಲಿ ನೀರು ಏರುತ್ತಿತ್ತೇ ಹೊರತು ನಾಲೆಗೆ ಬಿಟ್ಟಿರಲಿಲ್ಲ. ಕೈತುಂಬ ಬಿಡುವು. ಒಂದನೇ ತೂಬಿನಿಂದ ಎಂಟನೇ ತೂಬಿನವರೆಗೆ ಹೋಗಿ ಬಂದ. ಇಳಿಜಾರು ಅವನಿಗೆ ಗೊತ್ತಿದ್ದ ಹಾಗೇ ಇತ್ತು. ಶಹಭಾಸ್ ಅಂದುಕೊಂಡು, ಇದೂ ಒಂದು ಆಗಿಹೋಗಲಿ ಎಂದು ಎಂಟನೇ ತೂಬಿನಲ್ಲಿ ಗುಂಡಿ ಒತ್ತಿ ದಿಬ್ಬದ ಕಡೆಗೂ ತುಳಿದ. ಆಷಾಢದ ಗಾಳಿ ಎದೆಗೆ ಗುದ್ದುತ್ತಿತ್ತು. ಸಡಿಲ ಮಣ್ಣಿನಲ್ಲಿ ಗಾಲಿ ಹೂತುಕೊಳ್ಳುತ್ತಿತ್ತು. ಪಟ್ಟಲಮ್ಮನ ಹೊಲದ ಬದುವಿನಲ್ಲಿ ಏದುಸಿರು ಬಿಡುತ್ತಾ ಇಳಿದು ಮತ್ತೆ ಗುಂಡಿ ಒತ್ತಿದ.

ಹತ್ತಿದ್ದು ಸೊನ್ನೆ. ಇಳಿದದ್ದು ಎರಡು ಮೀಟರು.

“ಥೂ ನಿನ್ನ!” ಅಂದ ಯಂತ್ರಕ್ಕೆ. ಎರಡು ಅಂಕಿಗಳನ್ನು ತಲೆಕೆಳಗು ಮಾಡಿ ತೋರಿಸುತ್ತಿದೆ ಅಂದುಕೊಂಡ. ವಾಪಸು ಬಂದ. ಗಾಳಿ ಬೆನ್ನಿಗೆ ಬಿದ್ದು ತುಳಿಯುವ ಕೆಲಸವೇ ಇರಲಿಲ್ಲ. ನೋಡಿದರೆ ಹತ್ತಿದ್ದು ಎರಡು, ಇಳಿದದ್ದು ಸೊನ್ನೆ.

ಮರುದಿನ ಹೋದ, ಅದೇ. ಅದರ ಮರುದಿನವೂ ಅದೇ. ಒಮ್ಮೆ ಮಾತ್ರ ಎರಡರ ಬದಲು ಮೂರು. ರಾತ್ರಿ ಉಣ್ಣುವಾಗ, “ಈ ಮಿಸಿನ್ ಕೆಟ್ಟೋಗದೆ” ಅಂದ.

ಮಲ್ಲಿಗಮ್ಮ ಮುದ್ದೆಗೆ ಸಾರು ಬಡಿಸುತ್ತಾ, “ಒಂದರಿಂದ ಎಂಟನೇ ತೂಬಿನ್ಗಂಟ ಸರ್ಯಾಗ್ ಏಳ್ತು ಅಂದ್ಯಲ್ಲ?” ಅಂದಳು.

“ಏಳ್ತು.”

“ಎಂಟ್ ದಾಟುದ್ ತಕ್ಷಣ ಕೆಟ್ಟೋಯ್ತದಾ? ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ.”

ಮೂವತ್ತೊಂದು ವರ್ಷ ನೀರು ಕಾಯ್ದವನಿಗೆ, ತೂಬು ಮುಟ್ಟಿ ನೋಡದ ಹೆಂಗಸು ಈ ಮಾತು ಹೇಳುವುದೇ? ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು, ಯಾಕೆಂದರೆ ಮೂರು ದಿನದಿಂದ ಅವನ ತಲೆಯಲ್ಲೂ ಅದೇ ಮಾತು ಓಡುತ್ತಿತ್ತು.

ಯಂತ್ರದ ಮಾತನ್ನು ಅವನು ನಂಬಲಿಲ್ಲ. ನೀರಿನ ಮಾತನ್ನಾದರೆ ನಂಬುತ್ತಿದ್ದ. ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಪೈಪು ಒಂದನ್ನು ಕೆರಗೋಡಿನಿಂದ ಕೇಳಿ ತಂದ. ಇಪ್ಪತ್ತು ಮೀಟರಿನ ಪೈಪು. ಒಳಗೆ ನೀರು ತುಂಬಿ ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದರೆ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೆಲದಿಂದ ಅದು ಎಷ್ಟು ಮೇಲಿದೆ ಅಂತ ಎರಡು ಕಡೆಯೂ ಅಳೆದರೆ ಯಾವ ಕಡೆಯ ನೆಲ ತಗ್ಗು ಅನ್ನುವುದು ಗೊತ್ತಾಗುತ್ತದೆ. ಇದಕ್ಕೆ ಮೋಡವೂ ಇಲ್ಲ, ಗಾಳಿಯೂ ಇಲ್ಲ. ಬೆಳಗಿನ ಜಾವ ಯಾರೂ ಏಳುವ ಮೊದಲು ಗಂಡ ಹೆಂಡತಿ ಇಬ್ಬರೂ ಎಂಟನೇ ತೂಬಿಗೆ ಹೋದರು. ಒಂದು ತುದಿ ಮಲ್ಲಿಗಮ್ಮ, ಇನ್ನೊಂದು ತುದಿ ಅವನು. ಇಪ್ಪತ್ತು ಮೀಟರು ಅಳೆಯುವುದು, ಮುಂದಕ್ಕೆ ಹೋಗುವುದು, ಮತ್ತೆ ಅಳೆಯುವುದು. ಎರಡು ಬೆಳಗು ಹಿಡಿಯಿತು. ಮೊದಲ ನೂರು ಹೆಜ್ಜೆ ಕಾಲುವೆಯ ತಳ ಹೂಳು ತುಂಬಿ ನಿಜವಾಗಿಯೂ ಎತ್ತರವಾಗಿತ್ತು. ಅಲ್ಲಿಯೇ ಅವನ ನೀರು ಆ ವರ್ಷ ನಿಂತದ್ದು. ಅದರಾಚೆ ನೆಲ ಇಳಿಯುತ್ತಲೇ ಹೋಯಿತು.

ಪಟ್ಟಲಮ್ಮನ ಹೊಲ ಎಂಟನೇ ತೂಬಿಗಿಂತ ಒಂದಾಳುದ್ದ ಕೆಳಗಿತ್ತು.

ಚಲುವರಾಜು ಬದುವಿನ ಮೇಲೆ ಕೂತುಬಿಟ್ಟ. ದಿಬ್ಬ ಇರಲೇ ಇಲ್ಲ. ಇದ್ದದ್ದು ಪಡುವಣ ಗಾಳಿ ಮತ್ತು ಸಡಿಲ ಮಣ್ಣು. ಗಾಳಿಯನ್ನು ತುಳಿದು ತುಳಿದು ಅವನ ತೊಡೆ ಅದನ್ನು ದಿಬ್ಬ ಅಂದಿತ್ತು, ತೊಡೆ ಅಂದದ್ದನ್ನು ಬಾಯಿ ಅಂದಿತ್ತು, ಬಾಯಿ ಅಂದದ್ದನ್ನು ಊರು ನಂಬಿತ್ತು. ಒಬ್ಬ ಹೆಂಗಸು ಗದ್ದೆಯಾಗಬೇಕಾದ ನೆಲದಲ್ಲಿ ಇಪ್ಪತ್ತಾರು ವರ್ಷ ಹುರುಳಿ ಬಿತ್ತಿದ್ದಳು.

ಮಲ್ಲಿಗಮ್ಮ ಪೈಪು ಸುತ್ತಿ ಹೆಗಲಿಗೆ ಹಾಕಿಕೊಂಡಳು. ಮನೆ ಹತ್ತಿರ ಬಂದಾಗ ಒಂದೇ ಮಾತು ಅಂದಳು: “ವರ್ಸಾ ವರ್ಸಾ ಅವ್ಳ ಕಣದಿಂದ ಒಂದ್ ಸೇರ್ ರಾಗಿ ಬತ್ತಿತ್ತು ಕಣಯ್ಯ. ನೀರುಗಂಟಿ ಪಾಲು ಅಂತ.”

ಅದು ಅವನಿಗೆ ಗೊತ್ತಿತ್ತು. ಎರಡೆರಡು ಬೆಳೆ ತೆಗೆಯುವವರು ಪಾಲು ಮರೆತಾಗಲೂ, ಒಂದು ಹನಿ ನೀರು ಕಾಣದ ಪಟ್ಟಲಮ್ಮ ಮರೆತಿರಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದು ಜಗುಲಿಯ ಮೇಲೆ ಸುರಿದು, “ಊರ್ ಪದ್ದತಿ ಕಣಪ್ಪ, ಬುಡಕ್ಕಾಯ್ತದಾ?” ಅಂದು ಹೋಗುತ್ತಿದ್ದಳು. ಆ ರಾಗಿಯ ಮುದ್ದೆಯನ್ನು ಅವನು ಉಂಡಿದ್ದ.

ಈಗ ಏನು ಮಾಡುವುದು? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಅರವತ್ತು ತುಂಬಿ ಕೆಲಸವೇ ಮುಗಿಯುತ್ತದೆ. ಹೇಳಿದರೆ, ಚಲುವರಾಜುವಿಗೆ ಮೂವತ್ತೊಂದು ವರ್ಷ ಏರು ಯಾವುದು ಇಳಿಜಾರು ಯಾವುದು ಗೊತ್ತಿರಲಿಲ್ಲ ಅನ್ನುತ್ತಾರೆ. ನಾಳೆಯಿಂದ ಬದುವಿನ ಜಗಳಕ್ಕೆ ಅವನನ್ನು ಯಾರು ಕರೆಯುತ್ತಾರೆ? ಅವನಿಗೆ ಇದ್ದದ್ದೇ ಆ ಒಂದು ಮಾತಿನ ಆಸ್ತಿ.

ಸುದ್ದಿ ಸಿದ್ದೇಶನ ಮೂಗಿಗೆ ಹೇಗೋ ಬಡಿಯಿತು. ಎಂಟನೇ ತೂಬಿನ ಕೊನೆಯಲ್ಲಿ ಉಳಿಯುವ ನೀರೆಲ್ಲ ಅವನ ಗದ್ದೆಗೇ ಹೋಗುತ್ತಿತ್ತು, ಹೊಟ್ಟೆ ಚುರ್ ಅನ್ನದೆ ಇರುತ್ತದೆಯೇ? ಸಂಜೆ ಬಂದು ಜಗುಲಿಯಲ್ಲಿ ಕೂತ.

“ಪೈಪ್ ಇಡ್ಕೊಂಡ್ ಓಡಾಡ್ತಿದ್ರಂತೆ ಗಂಡ ಎಡ್ತಿ. ಯಾಕ್ ಚಲುವಣ್ಣ ಕೆದಕ್ಕತೀಯ? ಅವ್ಳಿಗ್ ಇನ್ನೇನ್ ಬೇಕು, ಒಂಟಿ ಜೀವ. ಗಾಯ ಮಾಡ್ಕೊಂಡ್ ಉಪ್ ಆಕ್ಕೊಳ್ಳೋದಾ?”

“ನೀನ್ ಎದ್ದೋಗ್ಲಾ,” ಅಂದ ಚಲುವರಾಜು.

ಸಿದ್ದೇಶ್ ಎದ್ದು ಹೋದ. ಹೋದ ಮೇಲೆ ಚಲುವರಾಜುವಿಗೆ ಒಂದು ವಿಷಯ ತಿಳಿಯಿತು. ಬೇಡವೆಂದು ಹೇಳಲು ಒಬ್ಬ ಬಂದ ಮೇಲೆ ಸುಮ್ಮನಿರುವುದು ಇನ್ನೂ ಕಷ್ಟ. ತಾನು ಸುಮ್ಮನಿದ್ದರೆ ಇವನ ಕಡೆಯವನಾದ ಹಾಗೆ. ಅವನು ರಾತ್ರಿಯೆಲ್ಲ ಮಗ್ಗುಲು ಬದಲಾಯಿಸಿದ, ಬೆಳಗಾದ ಕೂಡಲೇ ಸೈಕಲ್ ಹತ್ತಿದ.

ಪಟ್ಟಲಮ್ಮ ಇನ್ನೂ ಬಿತ್ತದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಸಣ್ಣ ಮೈ, ಬಾಗಿದ ಬೆನ್ನು, ಕುಡುಗೋಲಿನಂಥ ನಾಲಗೆ. ಅವನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು.

“ಏನ್ಲಾ ಚಲ್ವ, ಕಾಲುವೆಲ್ ನೀರೇ ಇಲ್ಲ, ಈ ಕಡೀಕ್ ಬಂದಿದ್ದೀಯ?”

ಅವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ.

“ಅಕ್ಕ, ಇದು ದಿಬ್ಬ ಅಲ್ಲ ಕಣಕ್ಕ. ನಿನ್ ಒಲ ತಗ್ಗಲ್ಲದೆ. ನೀರ್ ಬತ್ತದೆ. ಯಾವತ್ತಿಂದ್ಲೂ ಬತ್ತಿತ್ತು. ನಾನೇ ಬರಾಕಿಲ್ಲ ಅಂತಿದ್ದೆ.”

ಪಟ್ಟಲಮ್ಮ ಕೈಯಲ್ಲಿದ್ದ ಕಳೆಯನ್ನು ಕೊಡವಿ ಬದುವಿಗೆ ಎಸೆದಳು. ಆಶ್ಚರ್ಯ ಪಡಲಿಲ್ಲ.

“ನಂಗೊತ್ತು.”

“ಗೊತ್ತಾ?”

“ಮಳೆ ಉಯ್ದಾಗ ಸುತ್ತಾಕಡೆ ನೀರು ಬಂದು ನನ್ ಒಲ್ದಲ್ಲೇ ನಿಂತ್ಕತ್ತದೆ. ರಾಗಿ ಬುಡ ಕೊಳೀತದೆ. ದಿಬ್ಬದ್ ಮೇಲೆ ನೀರ್ ನಿಂತ್ಕತ್ತದಾ? ನೀನ್ ಮಳೇಲಿ ಯಾವತ್ ಬಂದಿದ್ದೀಯ ಈ ಕಡೆ?”

ಹೌದು. ಮಳೆ ಬಂದ ದಿನ ನೀರುಗಂಟಿಗೆ ರಜ. ಅವನು ಯಾವತ್ತೂ ಬಂದಿರಲಿಲ್ಲ.

“ಗೊತ್ತಿದ್ರೆ ಏಳ್ಬೇಕಾಗಿತ್ತಲ್ಲಕ್ಕ,” ಅಂದ.

“ಏಳಿದ್ದೆ. ನಮ್ಮೆಜಮಾನ್ರು ತೀರ್ಕೊಂಡ್ ವರ್ಸ, ತಿಥಿ ಆದ್ಮೇಲೆ. ಎರಡನೇ ತೂಬಿನ್ ತಾವ್ ನಿಂತಿದ್ದೆ ನೀನು, ನಾಕಾರ್ ಜನ ಇದ್ರು. ಇಂಗಿಂಗೆ, ನೀರ್ ನಿಂತ್ಕತ್ತದೆ, ಬುಡ್ಸಿ ನೋಡಪ್ಪ ಅಂದೆ. ನೀನೇನಂದೆ ಗೊತ್ತಾ? ‘ನೀರುಗಂಟಿ ನಾನಾ, ನೀನಾ? ಅಲಗೂರ್ ಕಡೆಯೋಳು, ನೀರಿಲ್ದ್ ಬೋರೆ ಮೇಲ್ ಬೆಳ್ದೋಳು, ನಿಂಗೇನ್ ಗೊತ್ತು ನೀರಿನ್ ಸಮಾಚಾರ’ ಅಂದೆ. ಎಲ್ರೂ ನಗಾಡುದ್ರು. ಆಮೇಲ್ ನಾನ್ ಕೇಳ್ನಿಲ್ಲ.”

ಚಲುವರಾಜು ನೆನಪು ಮಾಡಿಕೊಂಡ. ಯಾವ ವರ್ಷ ನಾಲೆಗೆ ಎಂದು ನೀರು ಬಿಟ್ಟರು, ಯಾವ ಪಾಳಿಯಲ್ಲಿ ಏರಿ ಒಡೆಯಿತು, ಅದನ್ನು ಕಟ್ಟಲು ಎಷ್ಟು ಮೂಟೆ ಮರಳು ಹಿಡಿಯಿತು, ಎಲ್ಲವೂ ಅವನ ನಾಲಗೆ ತುದಿಯಲ್ಲಿತ್ತು. ಈ ಮಾತು ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಆಕೆ ಇಪ್ಪತ್ತಾರು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಅವನು ಆಡಿದ ಸಂಜೆಯೇ ಮರೆತಿದ್ದ. ಅವನಿಗೆ ನಾಚಿಕೆಯಾಯಿತು, ಯಾವ ನಾಚಿಕೆ ಅಂದರೆ ಆಕೆಯ ಮುಖ ನೋಡಲಾಗದ ನಾಚಿಕೆ.

“ತಪ್ಪಾಯ್ತು ಕಣಕ್ಕ,” ಅಂದ.

“ತಪ್ಪಾಯ್ತು ಅಂದ್ರೆ ಬತ್ತ ಬೆಳೀತದಾ?” ಅಂದಳು ಪಟ್ಟಲಮ್ಮ. “ಆ ಊಳು ತೆಗ್ಯೋರ್ ಯಾರು? ಓಗು, ಗುದ್ಲಿ ತಕ್ಕೊಂಬಾ. ಬಿಸ್ಲೇರೋಕ್ ಮೊದ್ಲು ಒಂದಷ್ಟಾದ್ರೂ ಆಗ್ಲಿ.”

ಅವತ್ತೇ ಶುರು ಮಾಡಿದ. ಅವನು ಲಂಟಾನ ಕಡಿಯುವುದನ್ನು, ಹೂಳು ಎತ್ತುವುದನ್ನು ನೋಡಿ ಊರಿನವರು ಕೇಳಿದರು. ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯ ಮಾಡದೆ ನೇರವಾಗಿ ಹೇಳುತ್ತಿದ್ದ: “ನಾನ್ ಏಳಿದ್ದು ಸುಳ್ಳು. ನಮ್ಮಪ್ಪ ಏಳಿದ್ದೂ ಸುಳ್ಳು. ಅಲ್ಲಿ ದಿಬ್ಬ ಇಲ್ಲ.” ಕೆಲವರು ನಕ್ಕರು. ಬಹುಮಾನದ ಯಂತ್ರ ತಲೆ ಕೆಡಿಸಿತು ಅಂದರು. ಸಿದ್ದೇಶ್ ಅರಳಿಕಟ್ಟೆಯಲ್ಲಿ, “ಏರು ಇಳಿಜಾರು ಗೊತ್ತಿಲ್ದೋನ್ ಕೈಯಾಗ್ ತೂಬು ಕೊಟ್ಟಿದ್ವಲ್ಲ” ಅಂದದ್ದು ಅವನ ಕಿವಿಗೂ ಬಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಒಂದು ಬದುವಿನ ಜಗಳಕ್ಕೆ ಅವನನ್ನು ಕರೆಯದೆ ಬೇರೆಯವರನ್ನು ಕರೆದರು. ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನೋವಾಯಿತು. ಆದರೂ ಬೆಳಗಾದರೆ ಗುದ್ದಲಿ ಸೈಕಲ್ಲಿಗೆ ಕಟ್ಟಿಕೊಂಡು ಹೊರಡುತ್ತಿದ್ದ. ಮಲ್ಲಿಗಮ್ಮ ಬುತ್ತಿ ತರುತ್ತಿದ್ದಳು, ಭಾನುವಾರ ಬಂದಾಗ ಅರ್ಪಿತ ಮಂಕರಿಯಲ್ಲಿ ಮಣ್ಣು ಹೊತ್ತಳು, ಪಟ್ಟಲಮ್ಮ ಬದುವಿನಲ್ಲಿ ಕೂತು “ಇನ್ನೂ ತಗ್ ಮಾಡ್ಲಾ, ಅಲ್ ನಿಂತ್ಕತ್ತದೆ” ಎಂದು ಮೇಸ್ತ್ರಿಯ ಕೆಲಸ ಮಾಡಿದಳು. ಆಕೆ ಹೇಳಿದ ಕಡೆಯೆಲ್ಲ ಅವನು ತೋಡಿದ.

ಆಗಸ್ಟಿನಲ್ಲಿ ನಾಲೆಗೆ ನೀರು ಬಿಟ್ಟರು. ಮೊದಲ ಪಾಳಿ ಒಂದರಿಂದ ಎಂಟನೇ ತೂಬಿನವರೆಗೆ ಮುಗಿಯಲು ಎಂಟು ದಿನ. ಒಂಬತ್ತನೇ ದಿನ ಚಲುವರಾಜು ಎಂಟನೇ ತೂಬು ಇಳಿಸಿ, ನೀರನ್ನು ಪಡುವಣಕ್ಕೆ ತಿರುಗಿಸಿದ. ಸೈಕಲ್ ಹತ್ತದೆ ನೀರಿನ ಜೊತೆ ನಡೆದ. ನೀರು ಒಣಗಿದ ಎಲೆ, ಇರುವೆ, ನೊರೆ ಎಲ್ಲವನ್ನೂ ಮುಂದೆ ತಳ್ಳಿಕೊಂಡು ಹೋಯಿತು. ಹೂಳು ತೆಗೆದ ನೂರು ಹೆಜ್ಜೆಯ ಹತ್ತಿರ ಒಂದು ಗಳಿಗೆ ತಡೆದ ಹಾಗೆ ಕಂಡಾಗ ಅವನೂ ನಿಂತ. ಆಮೇಲೆ ಹರಿಯಿತು. ಅಲ್ಲಿಂದ ಮುಂದೆ ಅವನೇ ಬೇಗ ಬೇಗ ಹೆಜ್ಜೆ ಹಾಕಬೇಕಾಯಿತು.

ಪಟ್ಟಲಮ್ಮ ಸೀರೆ ಎತ್ತಿಕಟ್ಟಿ ಮಡೆಯ ಪಕ್ಕ ನಿಂತಿದ್ದಳು. ಅವನು ಗುದ್ದಲಿ ಹಾಕಿ ಮಡೆ ಒಡೆದ. ನೀರು ಹೊಲಕ್ಕೆ ನುಗ್ಗಿ, ಉತ್ತ ಸಾಲುಗಳಲ್ಲಿ ಒಂದೊಂದಾಗಿ ಏರಿತು. ಆಕೆ ಅದರೊಳಗೆ ಇಳಿದು ಪಾದ ಮುಳುಗುವ ತನಕ ನಿಂತಳು. ಬಿಸಿಲು ನೆತ್ತಿಗೆ ಬಂತು. ಹೊಲದ ಆ ತುದಿಗೂ ನೀರು ಮುಟ್ಟಿತು.

“ಸಾಕು ಕಣಪ್ಪ, ಕಟ್ಬುಡು,” ಅಂದಳು.

“ಇನ್ನೂ ಬುಡ್ಬೌದು ಕಣಕ್ಕ. ಸಂಜೆಗಂಟ ನಿನ್ದೇ ಪಾಳಿ.”

“ಗದ್ದೆ ತುಂಬ್ತಲ್ಲ, ಇನ್ಯಾಕೆ? ಮೇಗಲೋರ್ಗೂ ಬೇಕು. ಆ ಸಿದ್ದೇಸುನ್ ಕೊನೇ ಗದ್ದೆ ಇನ್ನೂ ನೆಂದಿಲ್ವಂತೆ, ಅತ್ತಗ್ ತಿರುಗ್ಸು.”

ಎಂಟು ತೂಬು, ಮೂವತ್ತೊಂದು ವರ್ಷ. “ಇನ್ನೊಂದ್ ಗಳಿಗೆ ಇರ್ಲಿ ಚಲುವಣ್ಣ” ಅಂದವರನ್ನು ಅವನು ನೋಡಿದ್ದ. ಕಾಲು ಹಿಡಿದವರನ್ನು, ಕತ್ತಲಲ್ಲಿ ಕದ್ದು ಮಡೆ ಒಡೆದವರನ್ನು ನೋಡಿದ್ದ. ಸಾಕು ಅಂದವರು ಒಬ್ಬರೂ ಇರಲಿಲ್ಲ. ಗುದ್ದಲಿ ಹಿಡಿದು ಬಗ್ಗಿದವನಿಗೆ ಮಡೆಯೂ ಕಾಣಲಿಲ್ಲ, ಮಣ್ಣೂ ಕಾಣಲಿಲ್ಲ. ಕಣ್ಣು ತುಂಬಿ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

ಪಟ್ಟಲಮ್ಮ ನೋಡಿದಳು.

“ಆಮೇಲ್ ಅತ್ಕೊಳ್ಳೀವಂತೆ, ಮೊದ್ಲು ಮಡೆ ಕಟ್ಟು,” ಅಂದಳು. “ನೀರು ದಂಡ ಆಯ್ತಾ ಅದೆ.”